ಬ್ರೆಜಿಲಿಯನ್ ಜಿಯು-ಜಿತ್ಸು (ನೆಲದ ಮೇಲೆ ಹಿಡಿತಗಳಿಂದ ಸೆಣಸುವ, ಕುಸ್ತಿಯಂಥ ಕಲೆ) ಕಲಿಯೋಕೆ ಶುರು ಮಾಡಿದವರು ಮೊದಲು ಯಾವುದಕ್ಕೆ ಗಮನ ಕೊಡಬೇಕು?

ತಪ್ಪಿಸಿಕೊಳ್ಳುವುದಕ್ಕೆ. ಹೊಸಬರಿಗೆ ಕುತ್ತಿಗೆ ಬಿಗಿಯುವ ಚೋಕ್, ಮೊಣಕೈಯನ್ನು ಉಲ್ಟಾ ಬಗ್ಗಿಸುವ ಆರ್ಮ್‌ಬಾರ್ ಮೇಲೇ ಕಣ್ಣು. ಆದರೆ ಮೊದಲ ಕೆಲವು ತಿಂಗಳು ಜಾಸ್ತಿ ಹೊತ್ತು ಎದುರಾಳಿಯ ಕೆಳಗೇ ಸಿಕ್ಕಿಹಾಕಿಕೊಂಡಿರುತ್ತೀರಿ, ಅಲ್ವಾ? ಹಾಗಾಗಿ ಮೌಂಟ್, ಸೈಡ್ ಕಂಟ್ರೋಲ್‌ನಿಂದ (ಎದುರಾಳಿ ಪಕ್ಕದಿಂದ ಎದೆ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯುವುದು) ಹೊರಬರುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಮೌಂಟ್ ಅಂದರೆ ಎದುರಾಳಿ ನಿಮ್ಮ ಹೊಟ್ಟೆ ಮೇಲೆ ಕೂತಿರುವುದು. ಆಗ ಕೈ ಚಾಚಿ ಅವರ ಎದೆ ತಳ್ಳಬೇಡಿ. ಚಾಚಿದ ಕೈಯೇ ಆರ್ಮ್‌ಬಾರ್‌ಗೆ ಸಿಗುತ್ತದೆ. ಮೊಣಕೈಗಳನ್ನು ಪಕ್ಕೆಗೆ ಅಂಟಿಸಿಕೊಳ್ಳಿ. ಅವರ ಒಂದು ಕೈಯನ್ನು ಹಿಡಿದು ಎದೆಗೆ ಒತ್ತಿಕೊಳ್ಳಿ. ಅದೇ ಕಡೆ ಅವರ ಪಾದದ ಹೊರಗೆ ನಿಮ್ಮ ಪಾದ ಊರಿ ತಡೆಯಿರಿ. ಈಗ ಸೊಂಟ ಜೋರಾಗಿ ಮೇಲೆತ್ತಿ ಆ ಭುಜದ ಕಡೆಗೆ ಉರುಳಿ. ಆ ಕಡೆ ಊರಿಕೊಳ್ಳಲು ಕೈಯೂ ಇಲ್ಲ, ಕಾಲೂ ಇಲ್ಲ, ಅವರು ಮಗುಚಿಕೊಳ್ಳುತ್ತಾರೆ. ತೋಳಿಗಿಂತ ಸೊಂಟಕ್ಕೆ ಎಷ್ಟು ಬಲ ಇದೆ ಅಂತ ಅಲ್ಲೇ ಗೊತ್ತಾಗುತ್ತದೆ. ಮಲಗಿದಲ್ಲೇ ಸೊಂಟ ಪಕ್ಕಕ್ಕೆ ಸರಿಸುವ ಶ್ರಿಂಪಿಂಗನ್ನು ಮನೆಯಲ್ಲೂ ಒಬ್ಬರೇ ಮಾಡಬಹುದು, ದಿನಾ ಮಾಡಿ.

ಉಸಿರು ಬಿಗಿಹಿಡಿಯಬೇಡಿ. ಲಾಕ್ (ಕೀಲು ಬಿಗಿಯುವ ಹಿಡಿತ) ಬಿತ್ತು ಅನ್ನಿಸಿದ ತಕ್ಷಣ ಟ್ಯಾಪ್ ಮಾಡಿ, ಅಂದರೆ ಕೈಯಿಂದ ತಟ್ಟಿ ಸೋಲು ಒಪ್ಪಿಕೊಳ್ಳಿ, ನೋವು ಬರಲಿ ಅಂತ ಸುಮ್ನೆ ಕಾಯಬೇಡಿ. ಹಿಮ್ಮಡಿ ತಿರುಚುವ ಹೀಲ್ ಹುಕ್‌ನಲ್ಲಂತೂ ನೋವು ಗೊತ್ತಾಗುವ ಮೊದಲೇ ಮಂಡಿಯ ಲಿಗಮೆಂಟ್‌ಗೆ ಪೆಟ್ಟು ಬಿದ್ದಿರಬಹುದು.