ಐದು ನಿಮಿಷದೊಳಗೆ ಎಬ್ಬಿಸಿದರೆ ಏಳುವ ಪಿಸಿ, ಬೆಳಿಗ್ಗೆ ಯಾಕೆ ಏಳುವುದಿಲ್ಲ?

ವೇಕ್-ಆನ್-ಲ್ಯಾನ್ (ನೆಟ್‌ವರ್ಕ್ ಮೂಲಕ ಪಿಸಿಯನ್ನು ದೂರದಿಂದ ಆನ್ ಮಾಡುವ ವಿಧಾನ) ಬಳಸಿದರೆ ಶಟ್‌ಡೌನ್ ಮಾಡಿದ ಐದು ನಿಮಿಷದೊಳಗೆ ಆಫೀಸಿನಿಂದ ಮನೆ ಪಿಸಿ ಆನ್ ಆಗುತ್ತದೆ, ರಾತ್ರಿ ಕಳೆದರೆ ಇಲ್ಲ ಅಂದಿರಲ್ಲ, ಅದು ಪಿಸಿಯ ತಪ್ಪಲ್ಲ. ರೂಟರಿನ ಮರೆವು. ಪಿಸಿ ಮಲಗಿದ ಸ್ವಲ್ಪ ಹೊತ್ತಿಗೆ ಅದರ ಐಪಿಗೆ (ನೆಟ್‌ವರ್ಕ್ ವಿಳಾಸಕ್ಕೆ) ಯಾವ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಅನ್ನೋದನ್ನು ರೂಟರ್, ಇಂಥ ಜೋಡಿಗಳನ್ನು ಬರೆದಿಟ್ಟುಕೊಳ್ಳುವ ತನ್ನ ಎಆರ್‌ಪಿ ಪಟ್ಟಿಯಿಂದ ಅಳಿಸಿಬಿಡುತ್ತದೆ. ಆಮೇಲೆ 9ನೇ ಪೋರ್ಟಿಗೆ ನೀವು ಕಳಿಸಿದ ಮ್ಯಾಜಿಕ್ ಪ್ಯಾಕೆಟ್ (ಪಿಸಿಯನ್ನು ಎಬ್ಬಿಸುವ ಸಂದೇಶ) ರೂಟರಿನ ಬಾಗಿಲವರೆಗೆ ಬಂದು ಅಲ್ಲೇ ಸಾಯುತ್ತದೆ.

ರೂಟರ್ ಸೆಟ್ಟಿಂಗ್ಸ್‌ನಲ್ಲಿ ಐಪಿ-ಮ್ಯಾಕ್ ಬೈಂಡಿಂಗ್ (ಆ ಜೋಡಿಯನ್ನು ಅಳಿಯದಂತೆ ಕಾಯಂ ಮಾಡುವುದು) ಇದ್ದರೆ ಹಾಕಿ ನೋಡಿ. ಬರೀ ಡಿಎಚ್‌ಸಿಪಿ ರಿಸರ್ವೇಶನ್ (ಪಿಸಿಗೆ ಯಾವಾಗಲೂ ಒಂದೇ ಐಪಿ ಕೊಡುವ ಏರ್ಪಾಡು) ಸಾಲದು. ಅದನ್ನೇ ನಂಬಿ ನಾನು ಒಂದು ಭಾನುವಾರ ಸುಮ್ನೆ ಕಳೆದೆ! ಬೈಂಡಿಂಗ್ ಇಲ್ಲವೇ? ಹಳೆಯ ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಒಂದನ್ನು ಮನೆಯಲ್ಲಿ ಸದಾ ಆನ್ ಇಡಿ. ಟೇಲ್‌ಸ್ಕೇಲ್ (ನಿಮ್ಮ ಸಾಧನಗಳನ್ನು ಖಾಸಗಿಯಾಗಿ ಬೆಸೆಯುವ ವಿಪಿಎನ್ ಸೇವೆ) ಮೂಲಕ ಅದರೊಳಗೆ ಹೋಗಿ, ಅಲ್ಲಿಂದಲೇ ಪಿಸಿಯನ್ನು ಎಬ್ಬಿಸಿ. ನನಗಂತೂ ಇದೇ ಇಷ್ಟ, ಹೊರಗಡೆಗೆ ಪೋರ್ಟ್ ತೆರೆದಿಡುವ ಗೋಜಿಲ್ಲ.