ಬ್ರೇವ್‌ಹಾರ್ಟ್: ಕಿಲ್ಟ್ ಬಿಡಿ, ಆ ಸೇತುವೆ ಎಲ್ಲಿ ಹೋಯ್ತು?

"ಬ್ರೇವ್‌ಹಾರ್ಟ್ ನೋಡಿದೆ, ತುಂಬಾ ಇಷ್ಟವಾಯಿತು. ಆದರೆ ಇತಿಹಾಸ ಓದಿದವರು ಯಾಕೆ ಅದನ್ನು ಅಷ್ಟು ಬೈಯುತ್ತಾರೆ? ನಿಜಕ್ಕೂ ಅಷ್ಟೊಂದು ಸುಳ್ಳಿದೆಯಾ?" ಎಂದು ಕೇಳಿದ್ದೀರಿ.

ಇದೆ. ಧಾರಾಳವಾಗಿ ಇದೆ. ಆದರೂ ಇಂಗ್ಲಿಷರ ವಿರುದ್ಧ ದಂಗೆ ಎದ್ದ ಸ್ಕಾಟ್ಲೆಂಡಿನ ವಿಲಿಯಂ ವಾಲೇಸನ ಬಗ್ಗೆ ಮೆಲ್ ಗಿಬ್ಸನ್ ತೆಗೆದು, ತಾನೇ ನಾಯಕನಾಗಿ ನಟಿಸಿದ ಆ ಸಿನಿಮಾ ನನಗೂ ಇಷ್ಟ. ಟಿವಿಯಲ್ಲಿ ಬಂದರೆ ಚಾನೆಲ್ ಬದಲಿಸಲು ಮನಸ್ಸು ಬರುವುದಿಲ್ಲ. ಬೈಯುವವರು ಹೆಚ್ಚಾಗಿ ಹಿಡಿದುಕೊಳ್ಳುವುದು ಬಟ್ಟೆ, ಬಣ್ಣ, ಇಸವಿಗಳನ್ನು. ನನ್ನ ತಕರಾರು ಬೇರೆ. ಮೊದಲು ಆ ಚಿಲ್ಲರೆ ಲೆಕ್ಕ ಮುಗಿಸಿಬಿಡೋಣ.

ಕಿಲ್ಟ್ ಎಂಬ ಲಂಗದಂಥ ಉಡುಪು ಬಂದದ್ದು ವಿಲಿಯಂ ವಾಲೇಸ್ ಸತ್ತು ಸುಮಾರು ಮುನ್ನೂರು ವರ್ಷದ ಮೇಲೆ. ಮುಖಕ್ಕೆ ನೀಲಿ ಬಳಿದುಕೊಳ್ಳುವುದು ರೋಮನ್ನರ ಕಾಲದ ಕಥೆ, ಅಂದರೆ ಅವನಿಗಿಂತ ಸಾವಿರ ವರ್ಷ ಹಿಂದಿನದು. ಮದುವೆಯ ರಾತ್ರಿ ಹುಡುಗಿಯನ್ನು ಇಂಗ್ಲಿಷ್ ಧಣಿ ಎಳೆದೊಯ್ಯುವ ಹಕ್ಕು ಎಂದು ತೋರಿಸುತ್ತಾರಲ್ಲ, ಹಾಗೊಂದು ಕಾನೂನು ಅಲ್ಲಿತ್ತು ಎನ್ನಲು ಯಾವ ದಾಖಲೆಯೂ ಇಲ್ಲ. ಸಿನಿಮಾ ಶುರುವಾಗುವುದೇ 1280 ಎಂಬ ಇಸವಿಯಿಂದ, ಸ್ಕಾಟ್ಲೆಂಡಿನ ರಾಜ ಸತ್ತಿದ್ದಾನೆ ಎಂಬ ಮಾತಿನಿಂದ. ಆ ರಾಜ ಮೂರನೇ ಅಲೆಕ್ಸಾಂಡರ್ ಆಗ ಗಟ್ಟಿಮುಟ್ಟಾಗಿಯೇ ಇದ್ದ. ಸತ್ತದ್ದು 1286ರಲ್ಲಿ, ಬಿರುಗಾಳಿಯ ರಾತ್ರಿ ಕುದುರೆ ಏರಿ ಹೊರಟು ದಾರಿಯಲ್ಲಿ ಬಿದ್ದು. ವಾಲೇಸ್ ಕೂಡ ಗುಡಿಸಲಿನ ಹುಡುಗನಲ್ಲ. ಚಿಕ್ಕ ಜಮೀನ್ದಾರ ಮನೆತನದವನು.

ಇನ್ನು ಫ್ರೆಂಚ್ ರಾಜಕುಮಾರಿ ಇಸಬೆಲ್ಲಾ. ವಾಲೇಸನ ಜೊತೆ ಅವಳಿಗೆ ಪ್ರೇಮ, ಅವಳ ಹೊಟ್ಟೆಯಲ್ಲಿ ಅವನ ಕೂಸು! ವಾಲೇಸ್ ಇಂಗ್ಲಿಷರಿಗೆ ಸೋತ ಫಾಲ್ಕರ್ಕ್ ಯುದ್ಧ ನಡೆದ 1298ರಲ್ಲಿ ಆ ಹುಡುಗಿಗೆ ಸುಮಾರು ಮೂರು ವರ್ಷ. ಇಂಗ್ಲೆಂಡಿನ ದೊರೆ ಎಡ್ವರ್ಡನ ಮಗನನ್ನು ಮದುವೆಯಾಗಿ ಅಲ್ಲಿಗೆ ಬಂದದ್ದು 1308ರಲ್ಲಿ. ಮಗ ಹುಟ್ಟಿದ್ದು 1312ರಲ್ಲಿ. ವಾಲೇಸನನ್ನು ಕೊಂದು ಆಗಲೇ ಏಳು ವರ್ಷ ಆಗಿತ್ತು. ಕೊನೆಯಲ್ಲಿ ಎಡ್ವರ್ಡ್ ದೊರೆ ಮತ್ತು ವಾಲೇಸ್ ಒಂದೇ ಹೊತ್ತಿಗೆ ಪ್ರಾಣ ಬಿಡುತ್ತಾರಲ್ಲ, ಅದೂ ಇಲ್ಲ. ಎಡ್ವರ್ಡ್ ಇನ್ನೂ ಎರಡು ವರ್ಷ ಬದುಕಿದ್ದ.

ಇದನ್ನೆಲ್ಲ ನಾನು ಕ್ಷಮಿಸಿಬಿಡುತ್ತೇನೆ. ಮೂರು ಗಂಟೆಯ ಸಿನಿಮಾಕ್ಕೆ ಒಬ್ಬ ನಾಯಕಿ ಬೇಕು, ಒಂದು ಬಣ್ಣ ಬೇಕು, ಸರಿ. ಕ್ಷಮಿಸಲು ಆಗದ್ದು ಒಂದೇ. ಸ್ಟರ್ಲಿಂಗ್ ಯುದ್ಧ ಇದೆಯಲ್ಲ, ವಾಲೇಸ್ ಕುದುರೆ ಮೇಲೆ ಓಡಾಡುತ್ತಾ ಭಾಷಣ ಮಾಡುತ್ತಾನಲ್ಲ, ಅದರ ಪೂರ್ತಿ ಹೆಸರು "ಸ್ಟರ್ಲಿಂಗ್ ಸೇತುವೆ ಯುದ್ಧ". ಸಿನಿಮಾದಲ್ಲಿ ಆ ಸೇತುವೆಯೇ ಇಲ್ಲ.

ಸುಮ್ನೆ ಒಂದು ಸೆಟ್ಟಿಂಗ್ ಬಿಟ್ಟುಹೋಯಿತು ಅಂತಲ್ಲ. ಆ ದಿನ ಸ್ಕಾಟರು ಗೆದ್ದದ್ದೇ ಸೇತುವೆಯಿಂದ.

ನಾನು ಎಡಿನ್‌ಬರೋದಲ್ಲಿ ಕೆಲಸಕ್ಕಿದ್ದಾಗ ಒಂದು ಭಾನುವಾರ ರೈಲು ಹಿಡಿದು ಸ್ಟರ್ಲಿಂಗಿಗೆ ಹೋಗಿದ್ದೆ. ಊರಾಚೆ ಅಬ್ಬಿ ಕ್ರೇಗ್ ಎಂಬ ಕಡಿದಾದ ಬಂಡೆ ಗುಡ್ಡವಿದೆ. 1869ರಲ್ಲಿ ಅದರ ನೆತ್ತಿಯ ಮೇಲೆ ವಾಲೇಸ್ ಸ್ಮಾರಕ ಕಟ್ಟಿ ಮುಗಿಸಿದರು. ಒಳಗೆ 246 ಮೆಟ್ಟಿಲು, ಸುತ್ತು ಸುತ್ತಿ ಹೋಗುವ ಇಕ್ಕಟ್ಟಾದ ಏಣಿ. ಎದುರಿನಿಂದ ಯಾರಾದರೂ ಇಳಿದು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಮೇಲೆ ಹೋಗಿ ಕೆಳಗೆ ನೋಡಿದರೆ ಪುಸ್ತಕದಲ್ಲಿ ಓದಿದ್ದೆಲ್ಲ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಫೋರ್ತ್ ನದಿ ಬಯಲಲ್ಲಿ ಹಾವಿನ ಹಾಗೆ ಹೊರಳುತ್ತದೆ. ಅದರ ಒಂದು ತಿರುವಿನೊಳಗೆ ಮೂರು ಕಡೆ ನೀರು ಇರುವ ತಗ್ಗು ನೆಲ. ಆಚೆ ದಡದಲ್ಲಿ ಬಂಡೆಯ ಮೇಲೆ ಸ್ಟರ್ಲಿಂಗ್ ಕೋಟೆ. ಉತ್ತರಕ್ಕೆ ಹೋಗುವವರು ಯಾರೇ ಆಗಲಿ ಇಲ್ಲೇ ನದಿ ದಾಟಬೇಕಿತ್ತು. ಈಗ ಅಲ್ಲಿ ಒಂದು ಹಳೆಯ ಕಲ್ಲು ಸೇತುವೆ ಇದೆ. ಅದು ಆಮೇಲೆ ಕಟ್ಟಿದ್ದು. ಅಂದು ಇದ್ದದ್ದು ಮರದ್ದು. ಅಗಲ ಎಷ್ಟು ಅಂದರೆ ಎರಡು ಕುದುರೆ ಅಕ್ಕಪಕ್ಕ ಹೋಗುವಷ್ಟು, ಅಷ್ಟೇ.

1297ರ ಸೆಪ್ಟೆಂಬರ್ 11. ಗುಡ್ಡದ ಈ ಕಡೆ ಸ್ಕಾಟರು. ಕೋಟೆಯ ಕಡೆ ಇಂಗ್ಲಿಷ್ ಸೈನ್ಯ. ಅದರ ದಂಡನಾಯಕ ಜಾನ್ ಡಿ ವಾರೆನ್, ಸರ್ರೆಯ ಅರ್ಲ್ (ದೊಡ್ಡ ಜಹಗೀರುದಾರ), ವಯಸ್ಸಾದವನು. ಸ್ಕಾಟ್ಲೆಂಡಿನ ಹವೆ ಅವನಿಗೆ ಆಗಿಬರುತ್ತಿರಲಿಲ್ಲ. ಜೊತೆಗೆ ಹ್ಯೂ ಕ್ರೆಸಿಂಗ್‌ಹ್ಯಾಮ್, ಖಜಾನೆಯ ಅಧಿಕಾರಿ, ದಪ್ಪ ಆಸಾಮಿ, ಖರ್ಚಿನ ವಿಷಯದಲ್ಲಿ ಕಟ್ಟುನಿಟ್ಟು. ಸಹಾಯಕ್ಕೆ ಬರುತ್ತಿದ್ದ ಇನ್ನೊಂದು ಪಡೆಯನ್ನು ದುಡ್ಡು ದಂಡ ಅಂತ ದಾರಿಯಲ್ಲೇ ವಾಪಸ್ ಕಳಿಸಿದ ಪುಣ್ಯಾತ್ಮ ಇವನೇ.

ಬೆಳಗಾಗುತ್ತಲೇ ಒಂದಷ್ಟು ಕಾಲಾಳುಗಳು ಸೇತುವೆ ದಾಟಿದರು. ದಾಟಿ ನೋಡಿದರೆ ಹಿಂದೆ ಯಾರೂ ಇಲ್ಲ. ವಾರೆನ್ ಸಾಹೇಬರು ಇನ್ನೂ ಎದ್ದಿರಲಿಲ್ಲ! ಪಾಪ, ದಾಟಿದವರು ತಿರುಗಿ ಬಂದರು. ಸಾಹೇಬರು ಎದ್ದ ಮೇಲೆ ಕೆಲವರಿಗೆ ನೈಟ್ ಪದವಿ ಕೊಟ್ಟರು. ಮತ್ತೆ ದಾಟುವುದು, ಮತ್ತೆ ವಾಪಸ್. ನಡುವೆ ಇಬ್ಬರು ಪಾದ್ರಿಗಳನ್ನು ಸಂಧಾನಕ್ಕೆ ಕಳಿಸಿದರು. ವಾಲೇಸ್ ಕೊಟ್ಟ ಉತ್ತರ ಚಿಕ್ಕದು. ನಾವು ಸಂಧಾನಕ್ಕೆ ಬಂದಿಲ್ಲ, ಯುದ್ಧಕ್ಕೆ ಬಂದಿದ್ದೇವೆ, ನಮ್ಮ ನಾಡನ್ನು ಬಿಡಿಸಿಕೊಳ್ಳುತ್ತೇವೆ, ಬರುವುದಿದ್ದರೆ ಬನ್ನಿ ಎಂಬರ್ಥದ ಮಾತು. ಸಿನಿಮಾದ ಉದ್ದನೆಯ ಭಾಷಣಕ್ಕಿಂತ ನನಗೆ ಇದೇ ಖಡಕ್ ಅನ್ನಿಸುತ್ತದೆ.

ಆಗ ರಿಚರ್ಡ್ ಲಂಡಿ ಎಂಬ ನೈಟ್ ಒಂದು ಮಾತು ಹೇಳಿದ. ಅವನು ಸ್ಕಾಟ್ಲೆಂಡಿನವನೇ, ಇಂಗ್ಲಿಷರ ಕಡೆ ಸೇರಿಕೊಂಡಿದ್ದ. "ಈ ಸೇತುವೆ ಮೇಲೆ ಹೋದರೆ ಸತ್ತೆವು. ಇಬ್ಬಿಬ್ಬರೇ ದಾಟಬೇಕು. ಇಲ್ಲೇ ಹತ್ತಿರದಲ್ಲಿ ನದಿ ಆಳವಿಲ್ಲದ ಜಾಗವಿದೆ, ಅರವತ್ತು ಜನ ಸಾಲಾಗಿ ದಾಟಬಹುದು. ನನ್ನ ಜೊತೆ ಒಂದಷ್ಟು ಜನ ಕಳಿಸಿ, ಹಿಂದಿನಿಂದ ಸುತ್ತುಹಾಕುತ್ತೇನೆ" ಎಂಬುದು ಅವನ ಸಲಹೆಯ ಸಾರ. ಕ್ರೆಸಿಂಗ್‌ಹ್ಯಾಮ್ ಒಪ್ಪಲಿಲ್ಲ. ಹೀಗೇ ದಿನ ತಳ್ಳಿದರೆ ರಾಜನ ಹಣ ಪೋಲಾಗುತ್ತದೆ, ನಡೀರಿ ಸೇತುವೆ ಮೇಲೆ ಎಂದ.

ಹೋದರು. ಇಬ್ಬಿಬ್ಬರಾಗಿ. ವಾಲೇಸ್ ಸುಮ್ಮನೆ ಗುಡ್ಡದ ಕಡೆಯಿಂದ ನೋಡುತ್ತಾ ನಿಂತ. ಈ ಕಾಯುವಿಕೆಯೇ ಅವತ್ತಿನ ದೊಡ್ಡ ಕೆಲಸ. ಬೇಗ ನುಗ್ಗಿದರೆ ಸಿಗುವುದು ನಾಲ್ಕು ಜನ. ತಡವಾದರೆ ಪೂರ್ತಿ ಸೈನ್ಯವೇ ಈಚೆ ಬಂದುಬಿಡುತ್ತದೆ. ತಾವು ಹೊಡೆದು ಮುಗಿಸಬಹುದಾದಷ್ಟು ಜನ ದಾಟುವವರೆಗೆ ಬಿಟ್ಟು, ಆಮೇಲೆ ಈಟಿ ಹಿಡಿದವರನ್ನು ಕೆಳಗೆ ನುಗ್ಗಿಸಿದರು. ಒಂದು ಗುಂಪು ನೇರ ಸೇತುವೆಯ ಬಾಯಿಗೇ ಹೋಗಿ ಅದನ್ನು ಮುಚ್ಚಿತು. ಇನ್ನು ಈಚೆ ಬಂದವರು ಹಿಂದೆ ಹೋಗುವ ಹಾಗಿಲ್ಲ, ಆಚೆ ಇದ್ದವರು ಮುಂದೆ ಬರುವ ಹಾಗಿಲ್ಲ. ನೆಲ ಮೆತ್ತಗೆ, ಕುದುರೆಗೆ ಓಡಲು ಜಾಗವಿಲ್ಲ. ತುಂಬಾ ಜನ ನದಿಗೆ ಬಿದ್ದು ಮುಳುಗಿದರು. ಮಾರ್ಮಡ್ಯೂಕ್ ಥ್ವೆಂಗ್ ಎಂಬ ನೈಟ್ ಮಾತ್ರ ಕತ್ತಿ ಬೀಸುತ್ತಾ ಸೇತುವೆ ಮೇಲೇ ವಾಪಸ್ ನುಗ್ಗಿ ಬದುಕಿಕೊಂಡ. ಕ್ರೆಸಿಂಗ್‌ಹ್ಯಾಮ್ ಸತ್ತ. ಅವನ ಚರ್ಮ ಸುಲಿದು ಹಂಚಿಕೊಂಡರು, ವಾಲೇಸ್ ಅದರಿಂದ ಕತ್ತಿಯ ಪಟ್ಟಿ ಮಾಡಿಸಿಕೊಂಡ ಎಂದು ಆಗಿನ ಬರಹವೊಂದು ಹೇಳುತ್ತದೆ. ವಾರೆನ್ ಆಚೆ ದಡದಲ್ಲೇ ಇದ್ದವನು ಸೇತುವೆ ಮುರಿಸಿ, ಕುದುರೆ ಹತ್ತಿ ಗಡಿಯ ಬೆರಿಕ್ ಊರಿಗೆ ಓಡಿದ.

ಹೇಳಿ, ಇದರಲ್ಲಿ ಸಿನಿಮಾಕ್ಕೆ ಏನು ಕಡಿಮೆ ಇತ್ತು? ನಿದ್ದೆಗೇಡಿ ದಂಡನಾಯಕ ಎನ್ನೋಣವೆಂದರೆ ಇವನು ಉಲ್ಟಾ, ನಿದ್ದೆ ಬಿಡದ ದಂಡನಾಯಕ. ಜೊತೆಗೊಬ್ಬ ಜಿಪುಣ, ಯಾರೂ ಕೇಳದ ಒಳ್ಳೆಯ ಸಲಹೆ ಬೇರೆ.

ಗಿಬ್ಸನ್ ಈ ದೃಶ್ಯ ತೆಗೆದದ್ದು ಸ್ಕಾಟ್ಲೆಂಡಿನಲ್ಲೂ ಅಲ್ಲ, ಐರ್ಲೆಂಡಿನ ಕರ್ರಾ ಎಂಬ ವಿಶಾಲ ಹುಲ್ಲುಗಾವಲಲ್ಲಿ. ಸೈನಿಕರಾಗಿ ನಿಂತವರು ಐರಿಶ್ ಸೇನೆಯ ಮೀಸಲು ಪಡೆಯವರು. ಈಟಿಗೆ ಸಿಕ್ಕಿ ಉರುಳುವ ಕುದುರೆಗಳಲ್ಲಿ ಯಂತ್ರದ ಕುದುರೆಗಳೂ ಇವೆ. ಆ ದೃಶ್ಯದ ಕೆಲಸಗಾರಿಕೆ ಬಗ್ಗೆ ನನಗೆ ಎರಡು ಮಾತಿಲ್ಲ. ಜಾನ್ ಟೋಲ್ ಕ್ಯಾಮೆರಾಕ್ಕೆ ಆಸ್ಕರ್ ಬಂದದ್ದು ಸುಮ್ನೆ ಅಲ್ಲ. ಸೇತುವೆ ಯಾಕಿಲ್ಲ ಎಂದು ಅಲ್ಲಿನವನೊಬ್ಬ ಕೇಳಿದಾಗ "ಅದು ಅಡ್ಡ ಬರುತ್ತಿತ್ತು" ಎಂದು ಗಿಬ್ಸನ್ ಹೇಳಿದ, "ಹೌದು, ಇಂಗ್ಲಿಷರಿಗೂ ಹಾಗೇ ಅನ್ನಿಸಿತ್ತು" ಎಂದು ಇವನು ಉತ್ತರ ಕೊಟ್ಟ ಎಂಬ ಕಥೆಯೊಂದು ಓಡಾಡುತ್ತದೆ. ನಿಜವೋ ಕಟ್ಟುಕಥೆಯೋ, ಮಾತಂತೂ ಸರಿಯಾಗಿದೆ. ಸೇತುವೆ ತೆಗೆದು ಬಯಲಿಗೆ ತಂದು ನಿಲ್ಲಿಸಿದ ಕೂಡಲೇ ವಾಲೇಸನ ಲೆಕ್ಕಾಚಾರ ಮಾಯ. ಉಳಿದದ್ದು ಆವೇಶ, ಅಬ್ಬರ. ಅವನನ್ನು ದೊಡ್ಡವನನ್ನಾಗಿ ಮಾಡಲು ಹೋಗಿ ತಲೆ ಕಿತ್ತುಕೊಂಡು ಬರೀ ತೋಳು ಬಿಟ್ಟರು.

ಸೇತುವೆಯ ಜೊತೆಗೇ ಇನ್ನೊಬ್ಬ ಮನುಷ್ಯನೂ ಕಾಣೆಯಾದ. ಆಂಡ್ರ್ಯೂ ಮರ್ರೆ. ಉತ್ತರದ ದೊಡ್ಡ ಮನೆತನದ ಹುಡುಗ. 1296ರಲ್ಲಿ ಡನ್‌ಬಾರ್ ಯುದ್ಧದಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿಬಿದ್ದ, ಚೆಸ್ಟರ್ ಕೋಟೆಯಿಂದ ತಪ್ಪಿಸಿಕೊಂಡು ಊರಿಗೆ ಬಂದ, ಉತ್ತರದ ಕೋಟೆಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ದಕ್ಷಿಣದಲ್ಲಿ ವಾಲೇಸ್ ಲ್ಯಾನಾರ್ಕ್‌ನ ಶೆರೀಫನನ್ನು ಕೊಂದು ದಂಗೆ ಎದ್ದಾಗ ಉತ್ತರ ಆಗಲೇ ಹೊತ್ತಿಕೊಳ್ಳುತ್ತಿತ್ತು. ಸ್ಟರ್ಲಿಂಗಿನಲ್ಲಿ ಇಬ್ಬರೂ ಸಮಸಮ ನಾಯಕರು. ಮರ್ರೆ ಅಲ್ಲಿ ಗಾಯಗೊಂಡು ಕೆಲವು ತಿಂಗಳಲ್ಲಿ ತೀರಿಕೊಂಡ. ಸತ್ತವನ ಪಾಲು ಬದುಕಿದವನ ಖಾತೆಗೆ ಹೋಯಿತು.

ಇದಕ್ಕೆ ಸಾಕ್ಷಿ ಒಂದು ಕಾಗದ. ಯುದ್ಧವಾಗಿ ಸರಿಯಾಗಿ ಒಂದು ತಿಂಗಳಿಗೆ, 1297ರ ಅಕ್ಟೋಬರ್ 11ಕ್ಕೆ, ಜರ್ಮನಿಯ ಲ್ಯೂಬೆಕ್ ಮತ್ತು ಹ್ಯಾಂಬರ್ಗ್ ವ್ಯಾಪಾರಿಗಳಿಗೆ ಬರೆದದ್ದು. ಸ್ಕಾಟ್ಲೆಂಡ್ ಯುದ್ಧ ಮಾಡಿ ಇಂಗ್ಲಿಷರಿಂದ ಬಿಡುಗಡೆಯಾಗಿದೆ, ನಿಮ್ಮ ಸರಕು ಧೈರ್ಯವಾಗಿ ನಮ್ಮ ಬಂದರುಗಳಿಗೆ ತನ್ನಿ ಎಂಬುದು ಅದರ ವಿಷಯ. ಬರೆದವರ ಹೆಸರಲ್ಲಿ ಮೊದಲನೆಯದು ಮರ್ರೆಯದು, ಆಮೇಲೆ ವಾಲೇಸ್. ಅದರ ಮೇಲಿನ ವಾಲೇಸನ ಮುದ್ರೆಯಲ್ಲಿ ಬಿಲ್ಲು ಬಾಣದ ಗುರುತಿದೆ, "ಆಲನ್ ಮಗ" ಎಂದಿದೆ. ಸಿನಿಮಾದಲ್ಲಿ ಅಪ್ಪನ ಹೆಸರು ಮಾಲ್ಕಮ್! ಗೆದ್ದ ತಿಂಗಳೊಳಗೆ ಈ ಜನ ಯೋಚಿಸಿದ್ದು ವ್ಯಾಪಾರದ ಬಗ್ಗೆ. ದೇಶ ನಡೆಸುವವರ ತಲೆ ಅದು, ಅಲ್ವಾ?

ಅಪ್ಪನ ಹೆಸರು ತಪ್ಪಿದ್ದು ಎಲ್ಲಿಂದ ಅಂದರೆ, ಸಿನಿಮಾದ ಬೇರು ಇರುವುದು ಬ್ಲೈಂಡ್ ಹ್ಯಾರಿ ಎಂಬ ಕವಿಯ ದೊಡ್ಡ ಪದ್ಯದಲ್ಲಿ. ನಮ್ಮ ಲಾವಣಿಕಾರರ ಹಾಗೆ ವೀರನನ್ನು ಹಾಡಿ ಹೊಗಳುವ ಕಸುಬಿನವನು. ವಾಲೇಸ್ ಸತ್ತು ನೂರೆಪ್ಪತ್ತು ವರ್ಷದ ಮೇಲೆ ಬರೆದ. ಲಾವಣಿಯಿಂದ ಸಿನಿಮಾ ಮಾಡಿದರೆ ತಪ್ಪೇನಿಲ್ಲ. ಆದರೆ ಶುರುವಿನಲ್ಲೇ ಒಂದು ದನಿ ಬರುತ್ತದೆ, ಇಂಗ್ಲೆಂಡಿನ ಇತಿಹಾಸಕಾರರು ನನ್ನನ್ನು ಸುಳ್ಳುಗಾರ ಎನ್ನುತ್ತಾರೆ ಅಂತ. ಇಲ್ಲಿ ನನಗೆ ನಗು ಬರುತ್ತದೆ. ವಾರೆನ್ ಮಲಗಿದ್ದದ್ದು, ಕ್ರೆಸಿಂಗ್‌ಹ್ಯಾಮನ ಹಠ, ಲಂಡಿಯ ಸಲಹೆ, ವಾಲೇಸನ ಖಡಕ್ ಉತ್ತರ, ಇಷ್ಟನ್ನೂ ಬರೆದಿಟ್ಟವನು ವಾಲ್ಟರ್ ಆಫ್ ಗಿಸ್‌ಬರೋ. ಯಾರ್ಕ್‌ಷೈರಿನ ಮಠದವನು, ಪಕ್ಕಾ ಇಂಗ್ಲಿಷಿನವನು. ವಾಲೇಸನನ್ನು ಅವನು ಕಳ್ಳ ಎಂದೇ ಕರೆಯುತ್ತಾನೆ. ಆದರೆ ತನ್ನವರ ದಡ್ಡತನ ಮುಚ್ಚಿಟ್ಟಿಲ್ಲ.

ಮುಂದೆ ಸ್ಕಾಟ್ಲೆಂಡಿನ ರಾಜನಾದ ರಾಬರ್ಟ್ ಬ್ರೂಸ್ ವಿಷಯ ಬೇಗ ಹೇಳಿಬಿಡುತ್ತೇನೆ. ಸಿನಿಮಾ ತೋರಿಸುವ ಹಾಗೆ ಫಾಲ್ಕರ್ಕ್‌ನಲ್ಲಿ ಅವನು ಮುಖ ಮುಚ್ಚಿಕೊಂಡು ಎಡ್ವರ್ಡ್ ಪರ ಹೋರಾಡಿದ ಎಂಬುದಕ್ಕೆ ಆಧಾರ ಇಲ್ಲ. ವಾಲೇಸ್ ಅಲ್ಲಿ ಸೋತು ಕೆಳಗಿಳಿದ ಮೇಲೆ ನಾಡಿನ ಹೊಣೆ ಹೊತ್ತ ಇಬ್ಬರಲ್ಲಿ ಬ್ರೂಸ್ ಒಬ್ಬ. ಹಾಗಂತ ಹಾಲು ಜೇನಿನ ಮನುಷ್ಯನೂ ಅಲ್ಲ. 1302ರಲ್ಲಿ ಎಡ್ವರ್ಡ್ ಕಡೆ ವಾಲಿದ, 1306ರಲ್ಲಿ ಎದುರಾಳಿ ಜಾನ್ ಕಾಮಿನ್‌ನನ್ನು ಚರ್ಚಿನೊಳಗೇ ಇರಿದ, ಆರು ವಾರಗಳಲ್ಲಿ ಪಟ್ಟ ಏರಿದ. ಇಂಥ ಪಾತ್ರ ಕೈಯಲ್ಲಿದ್ದರೂ ಅಳುವ ಮಗನನ್ನಾಗಿ ಮಾಡಿದರಲ್ಲ ಅಂತ ಬೇಜಾರು. ಅವನ ಕಥೆ ನೋಡಬೇಕಿದ್ದರೆ 2018ರ ಔಟ್‌ಲಾ ಕಿಂಗ್ ನೋಡಿ. ಅದರಲ್ಲೂ ಸ್ವಾತಂತ್ರ್ಯ ತೆಗೆದುಕೊಂಡಿದ್ದಾರೆ, ಆದರೆ ಮಣ್ಣು, ಕೆಸರು, ಬಟ್ಟೆ ಎಲ್ಲ ಆ ಕಾಲಕ್ಕೆ ಹತ್ತಿರ.

ಇಷ್ಟು ಬೈದರೂ ಸಿನಿಮಾದ ತೂಕವನ್ನು ಅಲ್ಲಗಳೆಯಲು ಆಗುವುದಿಲ್ಲ. ಬಂದದ್ದು 1995ರಲ್ಲಿ. ಎರಡು ವರ್ಷಕ್ಕೆ, 1997ರ ಸೆಪ್ಟೆಂಬರ್ 11ರಂದು, ಸ್ಟರ್ಲಿಂಗ್ ಯುದ್ಧಕ್ಕೆ ಸರಿಯಾಗಿ 700 ವರ್ಷ ತುಂಬಿದ ದಿನ, ತಮಗೆ ಸ್ವಂತ ಪಾರ್ಲಿಮೆಂಟ್ ಬೇಕು ಎಂದು ಸ್ಕಾಟರು ಮತ ಹಾಕಿದರು. 74 ಶೇಕಡಾ ಬೇಕು ಎಂದರು. ಸಿನಿಮಾದಿಂದಲೇ ಗೆದ್ದರು ಎಂದು ನಾನು ಹೇಳುವುದಿಲ್ಲ, ಅದರ ಹಿಂದೆ ವರ್ಷಗಟ್ಟಲೆ ರಾಜಕೀಯವಿತ್ತು. ಆದರೆ ಆ ಹೊತ್ತಿನ ಗಾಳಿಯಲ್ಲಿ ಅದೂ ಇತ್ತು. ಅದೇ ಸುಮಾರಿಗೆ ಸ್ಮಾರಕದ ಬುಡದಲ್ಲಿ ವಾಲೇಸನ ಪ್ರತಿಮೆಯೊಂದು ಬಂತು, ಮುಖ ಮಾತ್ರ ಥೇಟ್ ಮೆಲ್ ಗಿಬ್ಸನ್! ಜನ ಅದನ್ನು ಹಾಳು ಮಾಡತೊಡಗಿ, ಕೊನೆಗೆ ಸುತ್ತ ಬೇಲಿ ಹಾಕಬೇಕಾಯಿತು. ಸ್ವಾತಂತ್ರ್ಯದ ಹೆಸರಿನ ಪ್ರತಿಮೆ ಬೋನಿನಲ್ಲಿ! ಆಮೇಲೆ ಅಲ್ಲಿಂದ ತೆಗೆದರು.

ಕ್ಲೈಮ್ಯಾಕ್ಸಿನಲ್ಲಿ ಸಾಯುವ ಮುನ್ನ ವಾಲೇಸ್ "ಫ್ರೀಡಂ" (ಸ್ವಾತಂತ್ರ್ಯ) ಎಂದು ಕೂಗುವುದರ ಬಗ್ಗೆಯೂ ನಿಮಗೆ ಅನುಮಾನ ಇರಬಹುದು. ಆ ಕೂಗಿಗೆ ದಾಖಲೆ ಇಲ್ಲ. ದಾಖಲೆ ಇರುವುದು ವಿಚಾರಣೆಯಲ್ಲಿ ಅವನು ಹೇಳಿದ್ದಕ್ಕೆ. 1305ರ ಆಗಸ್ಟ್ 23, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್. ಕೊಲೆ, ಸುಲಿಗೆ, ರಾಜದ್ರೋಹ ಎಂದು ಆರೋಪ ಓದಿದರು. ಅವನು ತಕರಾರು ತೆಗೆದದ್ದು ದ್ರೋಹ ಎಂಬ ಒಂದಕ್ಕೆ ಮಾತ್ರ. ನಾನು ಎಂದೂ ಇಂಗ್ಲೆಂಡಿನ ರಾಜನ ಪ್ರಜೆಯಾಗಿರಲಿಲ್ಲ, ದ್ರೋಹ ಹೇಗಾದೀತು ಎಂದ. ಉಳಿದ ಆರೋಪಗಳನ್ನು ಅಲ್ಲಗಳೆಯಲೇ ಇಲ್ಲ. ಅದೇ ದಿನ ಸ್ಮಿತ್‌ಫೀಲ್ಡ್‌ಗೆ ಎಳೆದೊಯ್ದು ಕೊಂದರು.

ಇನ್ನೊಮ್ಮೆ ನೋಡುವಾಗ ಸ್ಟರ್ಲಿಂಗ್ ದೃಶ್ಯ ಬಂದರೆ ಪಕ್ಕದಲ್ಲಿ ಮೊಬೈಲಿನಲ್ಲಿ ಆ ಜಾಗದ ಮ್ಯಾಪ್ ತೆರೆದಿಟ್ಟುಕೊಳ್ಳಿ. ನದಿಯ ತಿರುವು ಈಗಲೂ ಹಾಗೇ ಇದೆ.