ಸೆರಗಿನ ಕುಚ್ಚಿನಂಥ ಈ ಬಿಳಿ ಹೂವು ಯಾವುದು?

ಪ್ರಶ್ನೆ: ಮಗಳ ಮನೆಗೆಂದು ಶಿಕಾಗೋಗೆ ಬಂದಿದ್ದೇನೆ. ಜುಲೈ ಮೊದಲ ವಾರ ಇಲ್ಲಿನ ಒಂದು ಪ್ರೇರಿ ಹುಲ್ಲುಗಾವಲಿನಲ್ಲಿ ಮೊಣಕಾಲೆತ್ತರದ ಗಿಡ ನೋಡಿದೆ. ತುದಿಯಲ್ಲಿ ಬಿಳಿ ಹೂಗಳ ತೆನೆ, ಎಸಳಿನ ಅಂಚೆಲ್ಲ ಎಳೆ ಎಳೆ. ನಮ್ಮ ಮಲೆನಾಡಿನ ಸೀತಾಳೆ ನೆನಪಾಯಿತು. ಎರಡು ಫೋಟೊ ಕಳಿಸಿದ್ದೇನೆ. ಇದು ಆರ್ಕಿಡ್ಡಾ?

ಉತ್ತರ: ಹೌದು, ಆರ್ಕಿಡ್ಡೇ. ಅದೂ ಅಂತಿಂಥದ್ದಲ್ಲ! ಇದು ಈಸ್ಟರ್ನ್ ಪ್ರೇರಿ ಫ್ರಿಂಜ್ಡ್ ಆರ್ಕಿಡ್. ಸಸ್ಯಶಾಸ್ತ್ರದ ಹೆಸರು ಪ್ಲಾಟಾಂಥೆರಾ ಲ್ಯೂಕೋಫಿಯಾ. ಅಮೆರಿಕ ಸರ್ಕಾರ 1989ರಲ್ಲೇ ಇದನ್ನು ಅಪಾಯದಲ್ಲಿರುವ ಸಸ್ಯಗಳ ಪಟ್ಟಿಗೆ ಸೇರಿಸಿದೆ. ನಿಮ್ಮ ಫೋಟೊ ನೋಡಿ ನನಗೆ ತುಂಬಾ ಖುಷಿಯಾಯಿತು.

ನೀವು ಹೂವನ್ನು ಪಕ್ಕದಿಂದಲೂ ತೆಗೆದದ್ದು ಒಳ್ಳೆಯದಾಯಿತು. ಗುರುತು ಸಿಕ್ಕಿದ್ದು ಅದರಿಂದಲೇ. ಹೂವಿನ ಕೆಳಗಿನ ದೊಡ್ಡ ಎಸಳು ಮೂರು ಭಾಗವಾಗಿದೆ, ಮೂರರ ಅಂಚಿನಲ್ಲೂ ಸೆರಗಿಗೆ ಕಟ್ಟಿದ ಕುಚ್ಚಿನಂತೆ ಎಳೆಗಳಿವೆ, ಅಲ್ವಾ? ಅದರ ಹಿಂದೆ ದಾರದಂತೆ ಇಳಿಬಿದ್ದಿರುವುದು ಮಕರಂದದ ಕೊಳವೆ. ಈ ಜಾತಿಯಲ್ಲಿ ಅದು ಮೂರು ನಾಲ್ಕು ಸೆಂಟಿಮೀಟರ್ ಉದ್ದ ಇರುತ್ತದೆ. ರ್‍ಯಾಗ್ಡ್ ಫ್ರಿಂಜ್ಡ್ ಆರ್ಕಿಡ್ ಎಂಬ ಇನ್ನೊಂದು ಗಿಡ ನೋಡಿ ಮೋಸಹೋಗುವವರು ಜಾಸ್ತಿ. ಅದರ ಹೂವಿಗೆ ಹಸಿರು ಛಾಯೆ, ಎಸಳು ಹರಿದ ಬಟ್ಟೆಯಂತೆ ಚಿಂದಿಚಿಂದಿ, ಕೊಳವೆಯೂ ಗಿಡ್ಡ.

ಇದಕ್ಕೆ ತೀರ ಹತ್ತಿರದ್ದು ವೆಸ್ಟರ್ನ್ ಪ್ರೇರಿ ಫ್ರಿಂಜ್ಡ್ ಆರ್ಕಿಡ್. ಎರಡೂ ಒಂದೇ ಎಂದು ಎಷ್ಟೋ ಕಾಲ ನಂಬಿದ್ದರು. ಅದು ಬೇರೆ ಜಾತಿ ಎಂದು ಹೆಸರಿಟ್ಟದ್ದು 1986ರಲ್ಲಿ. ಅದರ ಹೂವು ಇನ್ನೂ ದೊಡ್ಡದು, ಬೆಳೆಯುವುದು ಹೆಚ್ಚಾಗಿ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ. ಎರಡಕ್ಕೂ ಪರಾಗಸ್ಪರ್ಶ ಮಾಡುವುದು ರಾತ್ರಿ ಹಾರುವ ಹಾಕ್ ಮಾತ್ ಪತಂಗಗಳು. ನಿಮ್ಮ ಗಿಡದ ಪರಾಗದ ಗಂಟು ಪತಂಗದ ಹೀರುನಳಿಗೆಗೆ ಅಂಟಿಕೊಳ್ಳುತ್ತದೆ. ಪಶ್ಚಿಮದ್ದರ ಗಂಟು ಪತಂಗದ ಕಣ್ಣಿಗೇ ಅಂಟುತ್ತದೆ! ಪತಂಗ ಬರುವುದು ರಾತ್ರಿ ತಾನೆ, ಅದಕ್ಕೇ ಹೂವಿನ ಘಮ ಕತ್ತಲಾದ ಮೇಲೆ ಜಾಸ್ತಿ.

ಸೀತಾಳೆ ಮರದ ಮೇಲೆ ಬೆಳೆಯುವಂಥದ್ದು, ಇದು ನೆಲದ್ದು. ನಮ್ಮಲ್ಲಿ ಮಳೆಗಾಲದಲ್ಲಿ ಹುಲ್ಲಿನ ನಡುವೆ ಏಳುವ ಹ್ಯಾಬನೇರಿಯಾ ಎಂಬ ನೆಲದ ಆರ್ಕಿಡ್ಡುಗಳು ಇದಕ್ಕೆ ಹತ್ತಿರದ ನೆಂಟರು. ಹಿಂದೆ ಇದನ್ನೂ ಹ್ಯಾಬನೇರಿಯಾ ಎಂದೇ ಕರೆಯುತ್ತಿದ್ದರು.

ಶಿಕಾಗೋ ಇರುವ ಇಲಿನಾಯ್‌ನ ಪ್ರೇರಿಯೆಲ್ಲ ಮೆಕ್ಕೆಜೋಳ, ಸೋಯಾ ಹೊಲವಾಗಿ ಹೋಗಿದೆ. ಉಳಿದ ಚೂರುಪಾರಿನಲ್ಲಿ ಈ ಗಿಡ ಬದುಕಿದೆ. ಪತಂಗ ಬಾರದ ಕಡೆ ಸ್ವಯಂಸೇವಕರು ಹಲ್ಲುಕಡ್ಡಿಯಿಂದ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುತ್ತಾರೆ. ಬೀಜ ಧೂಳಿನಷ್ಟು ಸಣ್ಣದು. ಮಣ್ಣಿನಲ್ಲಿ ತಕ್ಕ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳೆಯುತ್ತದೆ, ಹೂ ಬಿಡಲು ವರ್ಷಗಳೇ ಬೇಕು. ಹಾಗಾಗಿ ದಯವಿಟ್ಟು ಕೀಳಬೇಡಿ. ಫೋಟೊವನ್ನು ಜಾಗದ ಹೆಸರು ಹಾಕಿ ಎಲ್ಲೂ ಹಂಚಬೇಡಿ, ಕದ್ದು ಅಗೆಯುವವರಿದ್ದಾರೆ. ಆ ಹುಲ್ಲುಗಾವಲು ನೋಡಿಕೊಳ್ಳುವವರಿಗೆ ಮಾತ್ರ ತಿಳಿಸಿ. ಇನ್ನೊಮ್ಮೆ ಹೋದರೆ ಕಾಲುದಾರಿಯಲ್ಲೇ ನಿಂತು, ಎಷ್ಟು ಗಿಡ ಹೂ ಬಿಟ್ಟಿವೆ ಎಂದು ಎಣಿಸಿ. ಆ ಲೆಕ್ಕ ಅವರಿಗೆ ತುಂಬಾ ಬೇಕಾದದ್ದು.